ವಕೀಲರ ಬೋರ್ಡಿನ ಮೂರು ಸಾಲು

ಬೇಲಿಯಾಚೆಯ ಕಾಕಾರ ಮಗಳು ಗೋಕಾಕದಲ್ಲಿ ವಕೀಲಕಿ ಸುರು ಮಾಡಿದಳು. ಬೋರ್ಡಿನ ಮೇಲೆ ಮೂರು ಸಾಲು: ಕಟ್ಟಡ ಗುತ್ತಿಗೆ, ನೌಕರಿ, ವ್ಯಾಪಾರ. ಅದನ್ನು ನೋಡಿ ಬಂದ ಕಾಕಾರ ಮುಖ ಸಪ್ಪಗಾಗಿತ್ತು.

“ಅಲ್ಲೋ ತಮ್ಮಾ, ವಾಟ್ನಿ ಇಲ್ಲ, ಬದುವಿನ ತಕರಾರ ಇಲ್ಲ. ಇಕಿ ಹೊಟ್ಟಿ ಹೆಂಗ ತುಂಬತೈತಿ?”

ಕಾಕಾರ ಚಿಂತೆ ಸುಳ್ಳಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನ ನೀರು ಕಾಲುವೆಗೆ ಬಂತು, ಹೊಲಕ್ಕೆ ಬೆಲೆ ಬಂತು, ಅಣ್ಣತಮ್ಮಂದಿರಿಗೆ ವಕೀಲರು ಬೇಕಾದರು. ಆದರೆ ಪಗಾರದ ಬದುಕೂ ಈ ಸೀಮೆಗೆ ನಿನ್ನೆ ಮೊನ್ನೆಯದಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ ನೀರಿನ ಬಲದ ಮೇಲೆ ತಿರುಗತೊಡಗಿದ್ದು 1887ರಲ್ಲಿ. ಮುಗಿಲು ನೋಡಿ ಏಳುತ್ತಿದ್ದ ಜನ ಭೋಂಗಾ ಕೇಳಿ ಏಳುವುದನ್ನು ಅಂದೇ ಕಲಿತರು.

ಅಷ್ಟರಲ್ಲಿ ಕಾಕಾ ಘಟಪ್ರಭಾದಲ್ಲಿ ಎರಡು ಮಳಿಗೆ ಕಟ್ಟಿಸಲು ಹೊರಟರು. ಗುತ್ತೇದಾರ ಎಸ್ಟಿಮೇಟ್ ಬರೆದುಕೊಟ್ಟದ್ದು ಯಾರದೋ ಲಗ್ನಪತ್ರಿಕೆಯ ಹಿಂದೆ, ಅದೂ ಪೆನ್ಸಿಲ್ಲಿನಲ್ಲಿ. ಉಕ್ಕು, ಸಿಮೆಂಟು, ಗೌಂಡಿ ಕೂಲಿ ಎಲ್ಲ ಸೇರಿಸಿ ಒಂದೇ ಮೊತ್ತ, ಕೆಳಗೆ ಎರಡು ಗೆರೆ. ಸೋದರಮಾವನ ಗುತ್ತಿಗೆ ಕೆಲಸದಲ್ಲಿ ಹಾಜರಿ ಬರೆದು ಬೆಳೆದ ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಅಪ್ಪಾ, ಸ್ಲ್ಯಾಬ್ ಸೋರಿದರ ಒಂದು ಕೇಸು. ವಾರದ ಪಗಾರ ನಿಂತರ ಇನ್ನೊಂದು. ಸಿಮೆಂಟಿನ ಅಂಗಡಿ ಉದ್ರಿ ಉಳಿದರ ಮೂರನೇದ್ದು. ನನ್ನ ಬೋರ್ಡ್ ಪೂರಾ ನಿನ್ನ ಮಳಿಗ್ಯಾಗs ಐತಿ.”

ಕಟ್ಟಡದ ಖರ್ಚಿನ ಮೇಲೆ ಶೇಕಡಾ 1ರ ಸೆಸ್ಸು ಅಂದಾಗ ಕಾಕಾ ಅದನ್ನು ದಂಡವೆಂದೇ ತಿಳಿದು ಸಿಡುಕಿದರು. ಆ ದುಡ್ಡು ಹೋಗುವುದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಗೌಂಡಿ, ಹೆಣ್ಣಾಳು ಅಲ್ಲಿ ಹೆಸರು ಹಚ್ಚಿಸಬಹುದು ಎಂದು ಗೊತ್ತಾದ ಮೇಲೆ ಸಿಡುಕು ಅರ್ಧಕ್ಕಿಳಿಯಿತು. ಪೂರ್ತಿ ಇಳಿಯಲಿಲ್ಲ, ದುಡ್ಡು ಅವರದೇ ಅಲ್ಲವೇ.

ವ್ಯಾಪಾರದ ಮಾತೂ ಬಂತು. 2018ರ ತಿದ್ದುಪಡಿಗಿಂತ ಮೊದಲು ವಾಣಿಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಲು 1 ಕೋಟಿಯ ತಕರಾರು ಬೇಕಿತ್ತು, ಈಗ 3 ಲಕ್ಷ ಸಾಕು. ತುರ್ತಿಲ್ಲದಿದ್ದರೆ ದಾವೆಗೆ ಮೊದಲೇ ಮಧ್ಯಸ್ಥಿಕೆಗೆ ಕೂಡಬೇಕು.

“ಅಂದ್ರ ನಮ್ಮ ಚಾವಡಿ ಕಟ್ಟೀನs ತಿರುಗಿ ಬಂತಲ್ಲ!” ಎಂದು ಕಾಕಾ ಹಿಗ್ಗಿದರು. ಪೂರಾ ಅದೇ ಅಲ್ಲ. ಚಾವಡಿಯಲ್ಲಿ ಒಪ್ಪಿದ್ದು ಮರುದಿನ ಚಹಾದಂಗಡಿಯಲ್ಲಿ ಬದಲಾಗುತ್ತಿತ್ತು. ಇಲ್ಲಿ ಸಹಿ ಬಿದ್ದ ರಾಜಿಗೆ ಆರ್ಬಿಟ್ರೇಷನ್ ತೀರ್ಪಿನಷ್ಟೇ ಬಲ.

ಕೊನೆಗೆ ಬಾಂಡ್ ಪೇಪರ್ ಬಂತು. ಗುತ್ತೇದಾರ ಸಾವಕಾಶ ಓದಿ, ಬಿಲ್ಲು ಕೊಟ್ಟ 15 ದಿನದೊಳಗೆ ರೊಕ್ಕ ಕೊಡಬೇಕೆಂದು ತಾನೂ ಒಂದು ಸಾಲು ಸೇರಿಸಿದ. ಕಾಕಾ ಕೆಂಡವಾದರು.

“ಇಂವಗ ಇದನ್ನ ಯಾರು ಕಲಿಸಿದರು?”

“ನಾನs ಹೇಳೀನಿ. ಕರಾರು ಅಂದಮ್ಯಾಗ ಅವನ ಕಡೀದೂ ಇರಬೇಕಲ್ಲಪ್ಪಾ.”

ಕಾಕಾ ಬೇಲಿಯ ಕಡೆ ತಿರುಗಿದರು. “ಕೇಳಿದೇನೋ ತಮ್ಮಾ? ಮ್ಯಾಲ ಫೀ ಬ್ಯಾರೆ ನಾನs ಕೊಡಬೇಕಂತ!”