ಭಾನುವಾರದ ಪುಡಿ

ನಮ್ಮ ಬೀದಿಯಲ್ಲಿ ಭಾನುವಾರಕ್ಕೆ ಹೊಸದೊಂದು ವ್ರತ ಶುರುವಾಗಿದೆ. ಸೋಮವಾರ ಒಪ್ಪೊತ್ತು, ಶನಿವಾರ ಆಂಜನೇಯನ ಗುಡಿ, ಭಾನುವಾರ ವಿಟಮಿನ್ ಡಿ ಪುಡಿ. ಮೂಲೆಮನೆ ಮೇಷ್ಟ್ರು ತಗೋತಾರೆ, ಎದುರುಮನೆ ಸೊಸೆ ತಗೋತಾಳೆ, ನಾನೂ ತಗೋತೀನಿ. ಯಾರೂ ಮಾತಾಡಿಕೊಂಡಿಲ್ಲ, ಆದರೂ ಎಲ್ಲರೂ ಸೂರ್ಯನ ವಾರವನ್ನೇ ಹಿಡಿದಿದ್ದಾರೆ. ಬಿಸಿಲಿನ ವಿಟಮಿನ್ನು ಭಾನುವಾರಕ್ಕೇ ಬರಬೇಕು, ಅಲ್ವಾ?

ಮೊನ್ನೆ ಬಟ್ಟೆ ಹರವೋಕೆ ಅಂತ ಹಿತ್ತಲಿಗೆ ಹೋದರೆ ಕಾಂಪೌಂಡಿನ ಆಚೆ ಪಕ್ಕದ ಮನೆ ಅಕ್ಕ ಒಗೆಯೋ ಕಲ್ಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದರು.

"ಏನಕ್ಕ, ಹೀಗೆ ಕೂತಿದ್ದೀರ?"

"ಪುಡಿ ತಗೊಂಡೆ ಕಣೇ. ಭಾನುವಾರ ಬಂತು ಅಂದ್ರೆ ನನ್ನ ಹೊಟ್ಟೆ ಮದ್ದಳೆ. ಮುಂದಿನ ವಾರದಿಂದ ಬಿಟ್ಟೇಬಿಡ್ತೀನಿ. ನನ್ನ ಹೊಟ್ಟೆಗೆ ಅದು ಒಗ್ಗಲ್ಲ."

ಹೇಗೆ ತಗೊಂಡ್ರಿ ಅಂತ ಕೇಳಿದೆ. ಬೆಳಗ್ಗೆ ಆರು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ದೊಡ್ಡ ಸ್ಟೀಲ್ ಲೋಟದ ತುಂಬ ಹಾಲಿಗೆ ಪುಡಿ ಕಲಸಿ, ಮೂಗು ಮುಚ್ಚಿಕೊಂಡು ಒಂದೇ ಗುಟುಕಿಗೆ. ಬೇರೆ ದಿನ ಹಾಲು ಕುಡೀತೀರಾ ಅಂದೆ. "ಅಯ್ಯೋ, ಹಾಲು ಬಿಟ್ಟು ಹತ್ತು ವರ್ಷವಾಯ್ತು. ಕಾಫಿಗೆ ಎರಡು ಚಮಚ ಬಿದ್ದರೆ ಹೆಚ್ಚು. ಹಾಲು ಅಂದ್ರೆ ನಂಗೆ ವಾಯು" ಅಂದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಾರವಿಡೀ ಮಜ್ಜಿಗೆಯಲ್ಲಿ ಬದುಕುವ ಹೊಟ್ಟೆಗೆ ವಾರಕ್ಕೊಂದು ದಿನ ಬೆಳ್ಳಂಬೆಳಗ್ಗೆ ಲೋಟದ ತುಂಬ ಹಾಲು ಸುರಿದರೆ ಅದು ಸುಮ್ಮನಿರುತ್ತಾ? ನಮ್ಮ ಕಡೆ ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗದವರು ಬಹಳ ಮಂದಿ. ಮೊಸರು, ಮಜ್ಜಿಗೆಯಾದರೆ ಹೆಪ್ಪು ಆ ಸಕ್ಕರೆಯಲ್ಲಿ ಒಂದಿಷ್ಟನ್ನು ಮೊದಲೇ ತಿಂದು ಮುಗಿಸಿರುತ್ತೆ, ಅದಕ್ಕೇ ತಡೆಯುತ್ತೆ. ಪುಡಿಯ ಚೀಟಿಯಲ್ಲಿ ಹಾಲಿಗೋ ನೀರಿಗೋ ಕಲಸಿ ಅಂತ ಬರೆದಿರುತ್ತಾರೆ. ನಾವು ಹಾಲು ಅನ್ನೋದನ್ನಷ್ಟೇ ಓದಿಕೊಳ್ಳುತ್ತೇವೆ. ಔಷಧಿ ಅಂದರೆ ಹಾಲಿನಲ್ಲೇ ಕೊಡಬೇಕು ಅನ್ನೋದು ಅಜ್ಜಿಯ ಕಾಲದಿಂದ ಬಂದದ್ದು.

ನನಗೆ ಅನ್ನಿಸೋದು ಇಷ್ಟು: ಈ ಡಿ ವಿಟಮಿನ್ನಿಗೆ ಬರುವ ಹೆಸರುಗೇಡೆಲ್ಲ ಹೆಚ್ಚಾಗಿ ಸಹವಾಸ ದೋಷದ್ದು. ಪೊಟ್ಟಣದ ಮೇಲೆ ಅರವತ್ತು ಸಾವಿರ ಅಂತ ಓದಿದ ಕೂಡಲೇ ಎದೆ ಧಸಕ್ ಅನ್ನುತ್ತೆ. ಅದು ಯೂನಿಟ್ಟಿನ ಲೆಕ್ಕ; 40 ಯೂನಿಟ್ ಸೇರಿದರೆ ಒಂದು ಮೈಕ್ರೋಗ್ರಾಂ. ತೂಕಕ್ಕೆ ಹಾಕಿದರೆ 60,000 ಅಂದರೆ ಒಂದೂವರೆ ಮಿಲಿಗ್ರಾಂ, ಸಾಸಿವೆ ಕಾಳಿಗಿಂತ ಹಗುರ. ಒಂದು ಗ್ರಾಮಿನ ಪೊಟ್ಟಣದಲ್ಲಿ ಮಿಕ್ಕಿದ್ದೆಲ್ಲ ಸಿಹಿ, ಬಣ್ಣ, ವಾಸನೆ, ಪುಡಿ ಉದುರಾಗಿರೋಕೆ ಹಾಕಿದ್ದು. ಮೆತ್ತಗಿನ ಕ್ಯಾಪ್ಸೂಲಾದರೆ ಅದರ ಸಿಪ್ಪೆಗೆ ಕೆಲವು ಕಡೆ ಸಾರ್ಬಿಟಾಲ್ ಸೇರಿಸಿರುತ್ತಾರೆ. ಸೂಕ್ಷ್ಮ ಕರುಳಿನವರಿಗೆ ಅದು ಹೆಚ್ಚಾದರೆ ಗುಡುಗುಡು. ಹಾಗಾಗಿ ಹೊಟ್ಟೆ ಜಗಳ ತೆಗೆದಾಗ ಜೊತೆಗೆ ಬಂದವರು ಯಾರ್ಯಾರು ಅಂತ ಮೊದಲು ನೋಡಬೇಕು.

ಇದು ನಾನು ಅನುಭವಿಸಿಯೇ ಹೇಳೋದು. ಹೋದ ವರ್ಷ ರಕ್ತಪರೀಕ್ಷೆಯಲ್ಲಿ ನನ್ನ ಡಿ ಹನ್ನೊಂದು ಅಂತ ಬಂತು. ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ವಾರಕ್ಕೊಂದರಂತೆ ಎಂಟು ವಾರ ಡಿ, ದಿನಾ ರಾತ್ರಿ ಒಂದು ಕ್ಯಾಲ್ಸಿಯಂ ಮಾತ್ರೆ ಬರೆದುಕೊಟ್ಟರು. ಹತ್ತೇ ದಿನಕ್ಕೆ ಹೊಟ್ಟೆ ಕಲ್ಲು ಕಟ್ಟಿದ ಹಾಗೆ. ಇಂಗು, ಓಂಕಾಳು, ಜೀರಿಗೆ ಕಷಾಯ ಒಂದೂ ಬಿಡಲಿಲ್ಲ. ಡಿ-ಯದ್ದೇ ತಪ್ಪು ಅಂದುಕೊಂಡು ಅದನ್ನು ನಿಲ್ಲಿಸಿದೆ, ಕ್ಯಾಲ್ಸಿಯಂ ಮುಂದುವರಿಸಿದೆ. ಕಲ್ಲು ಹಾಗೇ ಇತ್ತು. ವಾಪಸ್ ಹೋದಾಗ ಡಾಕ್ಟರಮ್ಮ ಕ್ಯಾಲ್ಸಿಯಂ ಪಟ್ಟಿಯನ್ನು ತಿರುಗಿಸಿ ನೋಡಿ, ಇದು ಕಾರ್ಬೋನೇಟು, ಮಲಬದ್ಧತೆ ಮಾಡೋದು ಇದೇ ಅಂದರು. ಅದು ಕರಗೋಕೆ ಹೊಟ್ಟೆಯ ಆಮ್ಲ ಬೇಕಂತೆ, ಊಟದ ಜೊತೆಗೇ ತಗೋಬೇಕಂತೆ. ನಾನು ನೋಡಿದರೆ ಬೆಳಗ್ಗೆ ಎದ್ದು ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಆಮ್ಲ ಅಡಗಿಸಿ, ರಾತ್ರಿ ಮಲಗುವಾಗ ಅದನ್ನು ನುಂಗುತ್ತಿದ್ದೆ. ಸಿಟ್ರೇಟಿಗೆ ಬದಲಾಯಿಸಿಕೊಟ್ಟರು, ಹೊಟ್ಟೆ ಹಗುರಾಯಿತು. ಪಾಪ, ಡಿ ಮೇಲೆ ಎಷ್ಟು ಬೈಗುಳ ಬಿದ್ದಿತ್ತು!

ಬಿಸಿಲಿಗೆ ಹೋಗಬಾರದಾ ಅಂತ ನೀವು ಕೇಳಬಹುದು. ಅಕ್ಕನೂ ಅದನ್ನೇ ಕೇಳಿದರು. ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ಬೆಳಗ್ಗೆ ಆರಕ್ಕೆ ನಡೆಯೋರನ್ನ ನೋಡಿ. ಕುತ್ತಿಗೆವರೆಗೆ ಸ್ವೆಟರು, ತಲೆಗೆ ಮಂಕಿ ಟೋಪಿ, ಕೈಗೆ ಗ್ಲೌಸು. ಕಾಲಿಗೆ, ಎದೆಗೆ ಒಳ್ಳೆಯದೇ, ನಡೀಲಿ. ಆದರೆ ಎಳೆಬಿಸಿಲಲ್ಲಿ ಡಿ ತಯಾರಿಸೋ ಕಿರಣ ಬಹಳ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗೋ ಹೊತ್ತಿಗೆ ಅದು ಚೆನ್ನಾಗಿ ಬರುತ್ತೆ, ಅಂದರೆ ನಾವೆಲ್ಲ ಒಳಗೆ ಫ್ಯಾನಿನ ಕೆಳಗೆ ಕೂತಿರೋ ಹೊತ್ತು. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸಿದರೂ ಬರಲ್ಲ, ಗಾಜು ಆ ಕಿರಣವನ್ನು ತಡೆದುಬಿಡುತ್ತೆ.

ನಮ್ಮಜ್ಜಿ ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿ ಮೇಲೆ ಹಪ್ಪಳ ಕಾಯುತ್ತಿದ್ದರು. ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಸಂಡಿಗೆ ಸಾಲಾಗಿ ಇಟ್ಟು, ಕೈಯಲ್ಲೊಂದು ಕೋಲು. ಕಾಗೆ ಬಂದರೆ "ಹುಶ್ಶಾ!" ಹನ್ನೊಂದರಿಂದ ಮೂರರವರೆಗೆ ತೋಳು, ಕುತ್ತಿಗೆ, ಬೆನ್ನಿನ ಮೇಲೆಲ್ಲ ಬಿಸಿಲು. ಅರೆ ಒಣಗಿದ ಸಂಡಿಗೆಯನ್ನು ಕದ್ದು ತಿನ್ನೋ ನಮಗೂ ಅಷ್ಟೇ ಬಿಸಿಲು. ಡಿ ಅನ್ನೋ ಅಕ್ಷರವೇ ಕೇಳದ ಅಜ್ಜಿಗೆ ಅದರ ಕಾರ್ಖಾನೆ ಮೈಮೇಲೇ ನಡೀತಿತ್ತು, ಅಲ್ವಾ? ಈಗ ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತೆ, ವಿಟಮಿನ್ನೂ ಪ್ಯಾಕೆಟ್ಟಿನಲ್ಲೇ.

ಆ ಪ್ಯಾಕೆಟ್ಟಿನೊಳಗೆ ಬರೋದು ಎಲ್ಲಿಂದ ಅಂತ ಗೊತ್ತಾದ ದಿನ ನಾನು ಎಷ್ಟೋ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಕುರಿಯಿಂದ! ಉಣ್ಣೆ ತೊಳೆದಾಗ ಬಿಡುವ ಜಿಡ್ಡಿದೆಯಲ್ಲ, ಲ್ಯಾನೊಲಿನ್ ಅಂತಾರೆ, ಅದರಿಂದ ಕೊಲೆಸ್ಟ್ರಾಲ್ ತೆಗೆದು, ಸ್ವಲ್ಪ ಮಾರ್ಪಾಡು ಮಾಡಿ, ಅದರ ಮೇಲೆ ಅತಿನೇರಳೆ ಬೆಳಕು ಬಿಡುತ್ತಾರೆ. ಅಜ್ಜಿಯ ಚರ್ಮ ತಾರಸಿಯಲ್ಲಿ ಮಾಡಿದ ಕೆಲಸವೇ ಅದು. ಈ ಸಂಬಂಧವನ್ನು ಬಿಡಿಸಿದವರಲ್ಲಿ ಒಬ್ಬ ಜರ್ಮನಿಯ ಅಡಾಲ್ಫ್ ವಿಂಡಾಸ್, 1928ರಲ್ಲೇ ನೊಬೆಲ್ ತಗೊಂಡವನು. ಮಲೆನಾಡಿನ ನಮ್ಮ ತಾತ ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದರು. ನೀರು ಅದರ ಮೇಲಿಂದ ಮಣಿಮಣಿಯಾಗಿ ಜಾರುತ್ತಿತ್ತು, ಒಲೆಯ ಹತ್ತಿರ ಹರವಿದರೆ ಮನೆಯೆಲ್ಲ ಕುರಿಜಿಡ್ಡಿನ ವಾಸನೆ. ಆ ಜಿಡ್ಡಿನ ನೆಂಟನನ್ನು ಈಗ ಭಾನುವಾರ ಭಾನುವಾರ ನುಂಗುತ್ತಿದ್ದೇನೆ.

ಅಕ್ಕನ ಅತ್ತೆ ಕಡು ಮಡಿ. ಕುರಿ ಅಂದ ಕೂಡಲೇ ಹುಬ್ಬು ಗಂಟು ಹಾಕಿದರು. ಉಣ್ಣೆ ಕತ್ತರಿಸೋದಷ್ಟೇ, ಕುರಿ ಮೇಯುತ್ತಾ ಇರುತ್ತೆ ಅಂತ ಸಮಾಧಾನ ಹೇಳಿದೆ. ಕ್ಯಾಪ್ಸೂಲಿನ ಸಿಪ್ಪೆ ಮಾತ್ರ ಸಾಮಾನ್ಯವಾಗಿ ಜೆಲಾಟಿನ್, ಪ್ರಾಣಿಯ ಮೂಳೆ, ಚರ್ಮದಿಂದ ಮಾಡಿದ್ದು. ಅದು ಬೇಡದವರಿಗೆ ಪುಡಿ ವಾಸಿ. ಅದೂ ಬೇಡ ಅಂದರೆ ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು ಇದೆಯಲ್ಲ, ಆ ಬಳಗದ ಇನ್ನೊಂದು ಜಾತಿಯಿಂದ ತೆಗೆದ ಡಿ ಈಗ ಸಿಗುತ್ತೆ. ಅತ್ತೆಗೆ ಅದೇ ಹಿಡಿಸಿತು.

ಇನ್ನು ಯಾವಾಗ ತಗೋಬೇಕು ಅನ್ನೋದು. ಡಿ ಜಿಡ್ಡಿನಲ್ಲಿ ಕರಗೋ ವಿಟಮಿನ್ನು. ಬರೀ ಹೊಟ್ಟೆಗಿಂತ ಊಟದ ಜೊತೆ ಮೈಗೆ ಚೆನ್ನಾಗಿ ಹತ್ತುತ್ತೆ. ಬಿಸಿ ಅನ್ನದ ಮೇಲೆ ಬೀಳೋ ಒಂದು ಚಮಚ ತುಪ್ಪ, ಪಲ್ಯದ ಒಗ್ಗರಣೆ ಎಣ್ಣೆ ಸಾಕು. ಓಕರಿಕೆ ಬರೋರಿಗೂ ಖಾಲಿ ಹೊಟ್ಟೆಗಿಂತ ತುಂಬಿದ ಹೊಟ್ಟೆಯೇ ಮೇಲು. ಒಟ್ಟಿಗೆ ದೊಡ್ಡ ಪ್ರಮಾಣ ತಡೆಯದವರಿಗೆ ದಿನಕ್ಕಿಷ್ಟು ಅಂತ ಸಣ್ಣ ಪ್ರಮಾಣದ ಮಾತ್ರೆ, ಹನಿ ಎಲ್ಲ ಇವೆ, ಡಾಕ್ಟರ ಹತ್ತಿರ ಕೇಳಿದರೆ ಬದಲಾಯಿಸಿಕೊಡುತ್ತಾರೆ. ಕೇಳಬೇಕು, ಅಷ್ಟೇ. ನಾವು ಕೇಳದೆ ಬಿಟ್ಟುಬಿಡುತ್ತೇವೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯವರು, ಪಿತ್ತರಸ ಸರಿಯಾಗಿ ಹರಿಯದವರು, ಕರುಳಿನ ಆಪರೇಷನ್ ಆದವರ ವಿಷಯ ಬೇರೆ. ಅವರಿಗೆ ಬಾಯಿಯಲ್ಲಿ ಕೊಟ್ಟದ್ದು ಸರಿಯಾಗಿ ಹತ್ತದೇ ಇರಬಹುದು, ಡಾಕ್ಟರೇ ದಾರಿ ಹೇಳಬೇಕು.

ಹೋದ ಭಾನುವಾರ ಅಕ್ಕ ಮಧ್ಯಾಹ್ನ ಹುಳಿಯನ್ನ, ತುಪ್ಪ ಊಟ ಮಾಡಿ ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿದರಂತೆ. ಸಂಜೆ ಕಾಂಪೌಂಡಿನ ಮೇಲಿಂದ ಕನಕಾಂಬರ ಕೊಡುತ್ತಾ "ಮದ್ದಳೆ ಇಲ್ಲ ಕಣೇ" ಅಂದರು.

ಒಂದು ಮಾತು ಮಾತ್ರ ಹಗುರವಾಗಿ ತಗೋಬೇಡಿ. ನಮ್ಮ ಹತ್ತಿರದ ನೆಂಟರೊಬ್ಬರು ವಾರಕ್ಕೊಂದು ಅಂತ ಬರೆದದ್ದನ್ನು ದಿನಕ್ಕೊಂದು ಅಂತ ತಿಳಿದು ಒಂದೂವರೆ ತಿಂಗಳು ನುಂಗಿದರು. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 600 ಯೂನಿಟ್. ಅಂದರೆ ಒಂದೊಂದು ಪೊಟ್ಟಣವೂ ನೂರು ದಿನದ ಗ್ರಾಸ. ಬಾಯಾರಿಕೆ, ವಾಂತಿ, ಮಲಬದ್ಧತೆ, ಮಂಕು. ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡು ಓಮಿನ ನೀರು ಕೊಡುತ್ತಾ ಬಂದರು. ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕೂತಿತ್ತು. ಡ್ರಿಪ್ ಹಾಕಿ ದಿನಗಟ್ಟಲೆ ಆಸ್ಪತ್ರೆಯಲ್ಲಿಟ್ಟುಕೊಂಡರು. ಡಿ ಮೈಯ ಕೊಬ್ಬಿನಲ್ಲಿ ಸೇರಿಕೊಂಡಿರುತ್ತೆ, ನಿಲ್ಲಿಸಿದ ಕೂಡಲೇ ಇಳಿದುಹೋಗಲ್ಲ.

ಅದಕ್ಕೇ ನಿಮ್ಮ ಮನೆಯಲ್ಲಿ ವಯಸ್ಸಾದವರು ಈ ಪುಡಿ ತಗೋತಿದ್ದರೆ ಇವತ್ತೇ ಅವರ ಚೀಟಿ ತೆಗೆದು ಓದಿ. ಅದರಲ್ಲಿ ಎಷ್ಟು ವಾರ ಅಂತ ಬರೆದಿದೆಯೋ ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟು ಭಾನುವಾರಗಳಿಗೆ ಕೆಂಪು ಸುತ್ತು ಹಾಕಿ, ಒಂದೊಂದು ಪೊಟ್ಟಣ ಮುಗಿದಂತೆ ಒಂದೊಂದು ಗೀಟು ಎಳೆದುಬಿಡಿ.