ಅಪ್‌ಡೇಟಣ್ಣ

ನಮ್ಮ ಕಡೆ ಎದುರಿಗೆ ಸಿಕ್ಕವರನ್ನು ಮೊದಲು ಕೇಳುವುದು ‘ಉಂಡ್ರಾ?’ ಅಂತ. ಉಂಡಿರಲಿ ಬಿಡಲಿ, ‘ಹ್ಞೂಂ, ಈಗಷ್ಟೇ’ ಅಂದರೆ ಮುಗಿಯಿತು. ಅಪ್‌ಡೇಟಣ್ಣ ಕೇಳುವುದು ‘ಹಾಕಿದ್ರಾ?’ ಅಂತ. ಬಂದ ಹೊಸತರಲ್ಲಿ ಒಂದು ದಿನ ಬೆಳಿಗ್ಗೆ ಎಂಟಕ್ಕೆ, ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ, ಸುತ್ತ ಹತ್ತು ಜನ ನಿಂತಿರುವಾಗ ನಮ್ಮ ಹರಪನಹಳ್ಳಿ ಹುಡುಗನನ್ನು ಹಾಗೇ ಕೇಳಿಬಿಟ್ಟ. ಹುಡುಗ ಕಿವಿತನಕ ಕೆಂಪಾಗಿ, ‘ಅಣ್ಣಾ, ನಾನು ಹಬ್ಬಕ್ಕೊಮ್ಮೆ ಅಷ್ಟೇ. ಅದೂ ಬೀರು’ ಅಂದ. ಪಕ್ಕದಲ್ಲಿ ನಿಂತಿದ್ದ ಅವನ ಸೋದರಮಾವ ಬಸ್ಸು ಬಂದರೂ ಹತ್ತಲಿಲ್ಲ. ಅಪ್‌ಡೇಟಣ್ಣ ಕೇಳಿದ್ದು ಇಷ್ಟೇ: ನಿನ್ನೆ ಮಾಡಿದ ಕೆಲಸವನ್ನು ಟ್ರೆಲ್ಲೊ ಬೋರ್ಡಿಗೆ ಹಾಕಿದೆಯಾ, ಇಲ್ಲವಾ?

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಬಳಕೆಯಲ್ಲಿದೆ.

ನಮ್ಮದು ಬದು, ಕೃಷಿ ಹೊಂಡ, ಸಸಿ, ಮಹಿಳಾ ಸಂಘ ಅಂತ ಐದು ತಾಲ್ಲೂಕು ಸುತ್ತುವ ಪುಟ್ಟ ಸಂಸ್ಥೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೆ ಒಬ್ಬೊಬ್ಬರಂತೆ ಐದು ಜನ, ಒಂದು ಜೀಪು, ಜೀಪಿಗೊಬ್ಬ ತಾತ. ಕೊಟ್ಟೂರು ನನ್ನ ಪಾಲು. ಅಪ್‌ಡೇಟಣ್ಣ ಬರುವ ಮೊದಲು ನಮ್ಮ ಪ್ರಾಜೆಕ್ಟ್ ಪ್ಲಾನಿಂಗ್ ಎಲ್ಲ ಶನಿವಾರ ಸಂಜೆ ಮಂಡಕ್ಕಿ-ಮಿರ್ಚಿ ಮುಂದೆ ನಡೆಯುತ್ತಿತ್ತು. ಯಾರು ಎಲ್ಲಿಗೆ, ಜೆಸಿಬಿ ಯಾವ ಊರಿಗೆ, ಯಾವ ಸಂಘದ ಪುಸ್ತಕ ಬರೆದಿಲ್ಲ, ಎಲ್ಲ ಅಲ್ಲೇ ತೀರ್ಮಾನ. ನಡಾವಳಿಯನ್ನು ಮಿರ್ಚಿ ಕಟ್ಟಿದ ಪೇಪರಿನ ಅಂಚಿನಲ್ಲಿ ಬರೆಯುತ್ತಿದ್ದೆವು. ಎಣ್ಣೆ ಹತ್ತಿದಲ್ಲಿ ಪೆನ್ನು ಮೂಡುತ್ತಿರಲಿಲ್ಲ. ಆ ಕೆಲಸಗಳು ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು.

ಅವನು 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಹಗರಿಬೊಮ್ಮನಹಳ್ಳಿಗೆ ವಾಪಸ್ ಬಂದವನು. ಆಮೇಲೆ ಕಂಪನಿ ಕರೆದರೂ ಹೋಗಲಿಲ್ಲ, ಊರಿಗೇನಾದರೂ ಮಾಡಬೇಕು ಅಂತ ನಮ್ಮಲ್ಲಿ ಕೋಆರ್ಡಿನೇಟರ್ ಆದ. ಮಾಡಿದ ಮೊದಲ ಕೆಲಸ, ಒಂದು ದಿನದ ತರಬೇತಿ. ಜಪಾನಿನ ಟೊಯೊಟಾ ಕಾರ್ಖಾನೆಯಿಂದ ಶುರು ಮಾಡಿದ. ತೈಚಿ ಓನೊ ಎಂಬ ಎಂಜಿನಿಯರು ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಅಲ್ಲಿ ಚೀಟಿ ಪದ್ಧತಿ ತಂದನಂತೆ. ಮುಂದಿನ ಮೇಜಿನವನಿಗೆ ಸಾಮಾನು ಬೇಕಾದಾಗ ಹಿಂದಿನ ಮೇಜಿಗೆ ಒಂದು ಚೀಟಿ. ಚೀಟಿ ಬರದೆ ಒಂದು ಬೋಲ್ಟನ್ನೂ ಹೆಚ್ಚಿಗೆ ಮಾಡುವಂತಿಲ್ಲ. ಅದರ ಹೆಸರು ಕಾನ್‌ಬಾನ್, ಅಂದರೆ ಫಲಕ. ಆ ಚೀಟಿಗಳೇ ಕಾಲಾಂತರದಲ್ಲಿ ಕಂಪ್ಯೂಟರ್ ಪರದೆಗೆ ಹತ್ತಿದವು. ಜಿರಾ ಅಂತ ಒಂದು 2002ರಲ್ಲಿ ಬಂತು. ಗಾಡ್ಜಿಲ್ಲಾ ರಾಕ್ಷಸನಿಗೆ ಜಪಾನಿನಲ್ಲಿ ಗೊಜಿರಾ ಅನ್ನುತ್ತಾರೆ, ಅದರ ತಲೆ ಕತ್ತರಿಸಿ ಇಟ್ಟ ಹೆಸರು. ಇನ್ನೊಂದರ ಹೆಸರು ಆಸನ, ನಮ್ಮ ಯೋಗದ ಆಸನವೇ. ಬಾಗಿಲ ಬಳಿ ಕೂತಿದ್ದ ತಾತ ‘ಯಾವ ಆಸನ? ಶವಾಸನನಾ?’ ಎಂದು ಕೇಳಿದ. ನಮಗೆ ಸಿಕ್ಕಿದ್ದು ಟ್ರೆಲ್ಲೊ. 2011ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 2017ರಲ್ಲಿ 42.5 ಕೋಟಿ ಡಾಲರಿಗೆ ಮಾರಾಟವಾದದ್ದು. ‘ಮೂರು ಕಾಲಂ ಎಳೆದಿದ್ದಕ್ಕಾ?’ ಅಂತ ಹಗರಿಬೊಮ್ಮನಹಳ್ಳಿಯವರು ನಿಟ್ಟುಸಿರು ಬಿಟ್ಟರು. ‘ನಮ್ಮ ಕನ್ನಡ ಮೇಷ್ಟ್ರು ಮೂವತ್ತು ವರ್ಷ ಹಲಗೆ ಮೇಲೆ ದಿನಾ ಮೂರು ಗೆರೆ ಎಳೆದ್ರಪ್ಪಾ, ಪಾಪ.’

ಆ ಮೂರು ಕಾಲಂಗಳು ಇವು: ಟು ಡೂ, ಡೂಯಿಂಗ್, ಡನ್. ಮೊದಲನೆಯದನ್ನು ಕೂಡ್ಲಿಗಿಯವರು ‘ದೂಡು’ ಎಂದು ಓದಿದರು. ಕಾರ್ಡನ್ನು ಬೆರಳಿನಿಂದ ದೂಡಿದರೆ ಪಕ್ಕದ ಕಾಲಂಗೆ ಹೋಗುತ್ತದಲ್ಲ, ಸರಿಯಾಗೇ ಇದೆ ಅನ್ನಿಸಿತು. ಮುಂದೆ ಅದು ನಮ್ಮ ಕಾರ್ಯವಿಧಾನದ ಹೆಸರೇ ಆಯಿತು.

ಅಪ್‌ಡೇಟಣ್ಣನನ್ನು ದೂರದಿಂದಲೇ ಗುರುತಿಸಬಹುದು. ಎದೆ ಜೇಬಿನಲ್ಲಿ ಒಂದು ಫೋನು, ಕೈಯಲ್ಲಿ ಒಂದು, ಎರಡಕ್ಕೂ ಹಾಲೂಡಿಸಲು ಪ್ಯಾಂಟಿನ ಜೇಬಿನಲ್ಲಿ ಪವರ್ ಬ್ಯಾಂಕು. ಹೊಲಕ್ಕೆ ಬಂದರೆ ಬದು ನೋಡುವುದಿಲ್ಲ, ಬದುವಿನ ಕಾರ್ಡು ನೋಡುತ್ತಾನೆ. ಯಾವ ಕೆಲಸವನ್ನೂ ಇಡಿಯಾಗಿ ನೋಡಿದರೆ ಅವನಿಗೆ ಹೊಟ್ಟೆಯಲ್ಲಿ ಸಂಕಟ. ಕೊಟ್ಟೂರು ತಾಲ್ಲೂಕಿನಲ್ಲಿ ನಾವು ತೋಡಿಸಿದ ಒಂದು ಕೃಷಿ ಹೊಂಡವನ್ನು 23 ಕಾರ್ಡು ಮಾಡಿದ್ದ. ರೈತನನ್ನು ಭೇಟಿಯಾಗುವುದು ಒಂದು, ರೈತ ಒಪ್ಪುವುದು ಇನ್ನೊಂದು, ಒಪ್ಪಿದ್ದನ್ನು ಖಚಿತಪಡಿಸಿಕೊಳ್ಳುವುದು ಮತ್ತೊಂದು. ಆ ರೈತ ಮೂರನೇ ಕಾರ್ಡಿಗೆ ಬರುವಷ್ಟರಲ್ಲಿ ನಮ್ಮ ಮೇಲೇ ಅನುಮಾನಪಟ್ಟು ಪಹಣಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಕೊನೆಗೆ ಜೆಸಿಬಿಯವನು, ಬೋರ್ಡಿನಲ್ಲಿ ಹೆಸರೇ ಇಲ್ಲದ ಪುಣ್ಯಾತ್ಮ, ಬೆಳಿಗ್ಗೆ ಬಂದು ಸಂಜೆಯೊಳಗೆ ಹೊಂಡ ತೋಡಿ ಹೋದ. ಬೋರ್ಡಿನಲ್ಲಿ ಆ ಹೊಂಡ ಮುಗಿಯಲು ಇನ್ನೂ ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಅದರಲ್ಲಿ ನೀರು ನಿಂತು ಎಮ್ಮೆ ಇಳಿದಿದ್ದವು.

ಬಣ್ಣದ ಹುಚ್ಚು ಬೇರೆ. ಜಿಲ್ಲೆಗೊಂದು ಲೇಬಲ್ ಅಂತ ಯಾವುದೋ ಹಳೆಯ ಪಟ್ಟಿ ಹಿಡಿದು ಹರಪನಹಳ್ಳಿಗೆ ದಾವಣಗೆರೆಯ ಹಳದಿ ಹಚ್ಚಿದ್ದ. ಹುಡುಗ ತಿದ್ದಿದ: ‘ಅಣ್ಣಾ, ನಮ್ಮದು ಈಗ ವಿಜಯನಗರ.’ ಇವನು ಕೆಂಪು ಮಾಡಿ, ಪದೇಪದೇ ಲೇಬಲ್ ಬದಲಿಸಿದರೆ ಡೇಟಾ ಕೆಡುತ್ತದೆ ಅಂತ ಗೊಣಗಿದ. ಹುಡುಗನಿಗೆ ಬಸ್ ಸ್ಟ್ಯಾಂಡಿನ ಲೆಕ್ಕ ಬಾಕಿ ಇತ್ತು. ‘ನಮ್ಮ ಇಡೀ ತಾಲ್ಲೂಕನ್ನೇ ಮೂರು ಸಲ ದೂಡ್ಯಾರಣ್ಣ. 1997ರಾಗ ಬಳ್ಳಾರಿಯಿಂದ ದಾವಣಗೆರೆಗೆ, 2018ರಾಗ ವಾಪಸ್ ಬಳ್ಳಾರಿಗೆ, 2021ರಾಗ ವಿಜಯನಗರಕ್ಕ. ನಾವು ಮನಿ ಬಿಟ್ಟು ಕದಲಿಲ್ಲ. ನಿನ್ನ ಕಾರ್ಡ್ ಯಾವ ಲೆಕ್ಕ?’

ಬೆಳಿಗ್ಗೆ ಒಂಬತ್ತೂ ಕಾಲಿಗೆ ಸ್ಟ್ಯಾಂಡ್-ಅಪ್ ಮೀಟಿಂಗ್. ಹೆಸರೇ ಹೇಳುವಂತೆ ಎಲ್ಲರೂ ನಿಂತಿರಬೇಕು, ನಿಂತರೆ ಮಾತು ಚುಟುಕಾಗುತ್ತದೆ ಎಂಬುದು ತತ್ವ. ನಾವು ಐವರೂ ಆ ಹೊತ್ತಿಗೆ ಬಸ್ಸಿನಲ್ಲಿ ಸೀಟು ಸಿಗದೆ ಹೇಗೂ ನಿಂತೇ ಇರುತ್ತೇವೆ. ಮನೆಯಲ್ಲಿ ಕುರ್ಚಿ ಮೇಲೆ ಕೂತಿರುವವನು ಅವನೊಬ್ಬನೇ. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಅಡ್ಡಿ ಏನು ಅಂತ ಮೂರು ಪ್ರಶ್ನೆ. ಕಂಡಕ್ಟರು ನಾಲ್ಕನೆಯದನ್ನು ಕೇಳುತ್ತಾನೆ.

ಒಂದು ದಿನ ಹಡಗಲಿ ಅಕ್ಕ ರೇಗಿಬಿಟ್ಟಳು. ಅಕ್ಕನ ಮನೆಯವರದು ಮಲ್ಲಿಗೆ ತೋಟ. ನಸುಕಿನಲ್ಲಿ ಮೊಗ್ಗು ಬಿಡಿಸಿ, ಬಸ್ಸಿಗೆ ಹಾಕಿ, ಉಳಿದದ್ದನ್ನು ಕಟ್ಟಿ, ಆಮೇಲೆ ಸಂಘಗಳ ಕೆಲಸಕ್ಕೆ ಹೊರಡುವವಳು. ‘ತಮ್ಮಾ, ನಮ್ಮ ಮೈಲಾರದಾಗ ಗೊರವಪ್ಪ ಹನ್ನೊಂದು ದಿನ ಉಪವಾಸ ಇದ್ದು ಬಿಲ್ಲು ಏರ್ತಾನ. ಸದ್ದಲೇ ಅಂತಾನ. ಲಕ್ಷಗಟ್ಲೆ ಮಂದಿ ಗಪ್‌ಚುಪ್. ಒಂದ ಮಾತು ಕಾರಣಿಕ ನುಡೀತಾನ, ಇಳೀತಾನ. ಇಡೀ ವರ್ಷದ ಮಳಿ, ಬೆಳಿ, ರಾಜಕೀಯ ಎಲ್ಲಾ ಅದ್ರಾಗ ಬಂತು. ನೀನು ಐದು ಮಂದಿ ಕೂಡ್ಸಿ ಮುಕ್ಕಾಲು ತಾಸು ಹಚ್ಚೀದಿ.’ ಅಪ್‌ಡೇಟಣ್ಣ ಕಾರಣಿಕದ ಮಾತನ್ನು ಗಂಭೀರವಾಗೇ ತೆಗೆದುಕೊಂಡ. ಮರುದಿನದಿಂದ ಒಬ್ಬೊಬ್ಬರಿಗೆ ಒಂದೇ ವಾಕ್ಯ. ಕೂಡ್ಲಿಗಿಯವರು ಆ ಒಂದು ವಾಕ್ಯವನ್ನು ‘ಮತ್ತೆ’, ‘ಆಮ್ಯಾಲೆ’, ‘ಅದ್ಕೇ’ ಹಾಕಿ ಹನ್ನೆರಡು ನಿಮಿಷ ಎಳೆದರು.

ಕೂಡ್ಲಿಗಿಯವರ ಕಷ್ಟ ಬೇರೆ ತರಹದ್ದು. ಗುಡೇಕೋಟೆಯ ಬಂಡೆಗಳ ಕಡೆ ಹೋದರೆ ಫೋನು ಕೈಗಡಿಯಾರವಾಗುತ್ತದೆ, ಟೈಮು ಬಿಟ್ಟು ಇನ್ನೇನೂ ತೋರಿಸುವುದಿಲ್ಲ. ಅಲ್ಲಿ ಇರುವುದು ಕರಡಿಧಾಮ. ಒಂದು ಸಂಜೆ ಹಳ್ಳಿಯ ಸಭೆ ಮುಗಿಸಿ ಬರುವಾಗ ದಾರಿಯಲ್ಲಿ ಕರಡಿ ಅಡ್ಡ ಬಂತಂತೆ. ಇವರು ಬೈಕು ತಿರುಗಿಸಿ ಅದೇ ಊರಿನಲ್ಲಿ ರಾತ್ರಿ ಕಳೆದರು. ಬೆಳಿಗ್ಗೆ ನೋಡಿದರೆ ಕಾರ್ಡಿನ ಅಂಚು ಕೆಂಪಾಗಿ ‘ತಡವಾಗಿದೆ’ ಅಂತ ಕೂಗುತ್ತಿದೆ. ತಡಕ್ಕೆ ಕಾರಣ ಆರಿಸಲು ಅಪ್‌ಡೇಟಣ್ಣ ಒಂದು ಪಟ್ಟಿ ಮಾಡಿಟ್ಟಿದ್ದ: ಹಣ ಬಂದಿಲ್ಲ, ಒಪ್ಪಿಗೆ ಇಲ್ಲ, ಸಿಬ್ಬಂದಿ ರಜೆ, ಇತರೆ. ಇವರು ‘ಇತರೆ’ ಒತ್ತಿ ‘ಕರಡಿ’ ಅಂತ ಬರೆದರು. ಅವನ ಕಾಮೆಂಟು ಕೂಡಲೇ ಬಂತು: ‘ದಯವಿಟ್ಟು ವಿವರಿಸಿ.’ ಕೂಡ್ಲಿಗಿಯವರು ವಿವರಿಸಿದರು: ‘ದೊಡ್ಡದು.’

ಇನ್ನು ಆಡುಗಳ ಪ್ರಕರಣ. ಒಂದು ಗೋಮಾಳದಲ್ಲಿ ಹುಣಸೆ, ಹೊಂಗೆ, ಬೇವು ನೆಟ್ಟೆವು. ಗುಂಡಿ ತೋಡಿದ ಫೋಟೊ, ಸಸಿ ಇಟ್ಟ ಫೋಟೊ, ನೀರು ಹಾಕಿದ ಫೋಟೊ ಎಲ್ಲ ಹಾಕಿ 16 ಕಾರ್ಡನ್ನೂ ಡನ್‌ಗೆ ದೂಡಿದ್ದಾಯಿತು. ಮೇಲಧಿಕಾರಿಗಳಿಗೆ ಅಪ್‌ಡೇಟಣ್ಣ ಹಸಿರು ಹಚ್ಚಿದ ವರದಿ ಕಳಿಸಿದ. ಮೂರನೇ ದಿನ ಆಡುಗಳು ಬಂದು ಪ್ರಾಜೆಕ್ಟನ್ನು ಪೂರ್ತಿ ಮೇದು ಹೋದವು. ನಾನು ಫೋನು ಮಾಡಿದೆ. ಆ ಕಡೆ ಬಹಳ ಹೊತ್ತು ಮೌನ. ‘ಡನ್ ಆದ ಮೇಲೆ ಕಾಲಂ ಇಲ್ಲವಲ್ಲ ಸರ್’ ಅಂದ. ಅವನ ದನಿಯಲ್ಲಿ ಸಸಿ ಹೋದ ದುಃಖ ಇತ್ತೋ, ಕಾಲಂ ಇಲ್ಲದ ದುಃಖವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಆಡು ಮೇಯಿಸುವ ಮುದುಕನನ್ನು ಕೇಳಿದರೆ, ಅವನು ‘ನೆಡೋ ಮುಂಚೆ ನನಗ ಒಂದು ಮಾತು ಹೇಳಿದ್ರ ಆ ಕಡಿ ಹೊಡೀತಿದ್ದಿಲ್ಲಪ್ಪ’ ಅಂದ. 16 ಕಾರ್ಡುಗಳಲ್ಲಿ ಆ ಒಂದು ಮಾತು ಇರಲಿಲ್ಲ.

ಅವನೊಬ್ಬನನ್ನೇ ದೂರುವುದೂ ಅನ್ಯಾಯ. ಕಾಲವೇ ಫೋಟೊ ಹಾಕು ಅನ್ನುವ ಕಾಲ. ಉದ್ಯೋಗ ಖಾತ್ರಿಯಲ್ಲಿ 2023ರ ಜನವರಿ 1ರಿಂದ ಹಾಜರಿಯೆಲ್ಲ ಮೊಬೈಲಿನಲ್ಲೇ ಅಂತಾಗಿ, ಕೂಲಿಯವರು ದಿನಕ್ಕೆರಡು ಸಲ ಗುದ್ದಲಿ ಬಿಟ್ಟು ಫೋಟೊಗೆ ನಿಲ್ಲುವುದನ್ನು ನಾವು ನೋಡಿದವರೇ. ಫೋಟೊದ ಫೋಟೊ ತೆಗೆದು ಹಾಕುವ ಚಾಲಾಕಿತನ ಅದರ ಹಿಂದೆಯೇ ಬಂತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಆ್ಯಪ್‌ಗಳ ಹೊರೆ ತಾಳಲಾರದೆ ಮುಷ್ಕರವನ್ನೇ ಹೂಡಿದರು. ನಾವು ಆ ಸುದ್ದಿಯನ್ನು ಗ್ರೂಪಿನಲ್ಲಿ ಹಾಕಿ, ಇವನಿಗೆ ತಟ್ಟಲಿ ಅಂತ ಕಾದೆವು. ಅವನು ಓದಿ ಮರುಗಿದ. ‘ಪಾಪ, ಅಷ್ಟೊಂದು ಆ್ಯಪ್! ಎಲ್ಲವನ್ನೂ ಒಟ್ಟಿಗೆ ತೋರಿಸೋಕೆ ಇನ್ನೊಂದು ಆ್ಯಪ್ ಬೇಕಿತ್ತು ಅವರಿಗೆ.’

ಇಷ್ಟು ಹೇಳಿ ಇದೊಂದನ್ನು ಹೇಳದಿದ್ದರೆ ನಾಲಿಗೆ ಸೇದೀತು. ವರ್ಷದ ಕೊನೆಯಲ್ಲಿ ಸಂಸ್ಥೆಯ ಹಿರಿಯರ ಮುಂದೆ ಅವನು ಬೋರ್ಡನ್ನು ಗೋಡೆ ಮೇಲೆ ಬಿಟ್ಟು, ಹೆಸರುವಾರು ವಿಂಗಡಿಸಿದ. ಶನಿವಾರದ ಮಿರ್ಚಿ ಸಭೆಗೆ ಅಕ್ಕ ಯಾವತ್ತೂ ಬಂದವಳಲ್ಲ. ಹಡಗಲಿಗೆ ಕೊನೆ ಬಸ್ಸು ತಪ್ಪುತ್ತದೆ ಅಂತ. ಹಾಗಾಗಿ ಅಲ್ಲಿ ಹೆಚ್ಚು ಮಾತಾಡಿದವರೇ ಹೆಚ್ಚು ಕೆಲಸದವರು ಎಂದು ನಾವೂ ನಂಬಿದ್ದೆವು, ಹಿರಿಯರೂ ನಂಬಿದ್ದರು. ಗೋಡೆ ಮೇಲೆ ಅಕ್ಕನ ಹೆಸರಿನ ಕೆಳಗಿನ ಕಾರ್ಡುಗಳು ಇಳಿದವು, ಇಳಿದವು, ನೆಲ ಮುಟ್ಟಿದವು. ನನ್ನ ಹೆಸರಿನವು ಫ್ಯಾನಿನ ಸ್ವಿಚ್ಚಿನ ಹತ್ತಿರವೇ ನಿಂತಿದ್ದವು. ಆ ವರ್ಷ ಸಂಬಳ ಏರಿದ್ದು ಅಕ್ಕನದು.

ನನಗೆ ಹೊಟ್ಟೆಕಿಚ್ಚು ತಡೆಯದೆ ಅಕ್ಕನನ್ನೇ ಕೇಳಿದೆ, ‘ಅಷ್ಟೆಲ್ಲ ಯಾವಾಗ ಹಾಕ್ತಿದ್ದೆ?’ ಅಂತ. ‘ಏನು ಹಾಕೋದು?’ ಅಂದಳು. ಅಕ್ಕನ ಫೋನಿನಲ್ಲಿ ಆ ಆ್ಯಪೇ ಇರಲಿಲ್ಲ. ಸಂಜೆ ಹೂ ಕಟ್ಟುತ್ತಾ ಅವನಿಗೊಂದು ವಾಯ್ಸ್ ಮೆಸೇಜ್ ಬಿಡುತ್ತಿದ್ದಳಂತೆ. ಇವತ್ತು ಮೂರು ಸಂಘದ ಪುಸ್ತಕ ಬರೆದೆ, ಬ್ಯಾಂಕಿಗೆ ಹೋಗಿದ್ದೆ, ಇಂಥವಳ ಮಗಳಿಗೆ ಹುಷಾರಿಲ್ಲ, ನಮ್ಮ ಎಮ್ಮೆ ಈದಿದೆ ಅಂತ ಎಲ್ಲ ಸೇರಿಸಿ. ‘ಹಾಕಿದ್ರಾ?’ ಅಂತ ನಮ್ಮ ಪ್ರಾಣ ತಿನ್ನುತ್ತಿದ್ದ ಮಹಾರಾಯ, ರಾತ್ರಿ ಹತ್ತರ ಮೇಲೆ ಕೂತು ಅದನ್ನು ಕೇಳಿ, ಒಂದೊಂದಾಗಿ ಬಿಡಿಸಿ, ಅಕ್ಕನ ಹೆಸರಿನಲ್ಲಿ ಕಾರ್ಡು ಮಾಡಿ ದೂಡುತ್ತಿದ್ದ. ಎಮ್ಮೆ ಈದದ್ದೂ ಡನ್‌ನಲ್ಲಿ ಇತ್ತು, ಆಮೇಲೆ ಹುಡುಕಿ ನೋಡಿದೆ.

ಹೋದ ತಿಂಗಳು ಅವನೂ ನಾನೂ ಜೀಪಿನಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೆ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿದ್ದ ಅವನ ಕಣ್ಣಿಗೆ ಬಿಸಿಲು ಹೊಡೆದು, ಮೇಲಿನ ತಡಿಕೆಯನ್ನು ಕೆಳಗೆ ಎಳೆದ. ಅದರ ಹಿಂದೆ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದ ಒಂದು ಕಂತೆ ಚೀಟಿ. ಬಸ್ ಟಿಕೆಟಿನ ಹಿಂದೆ, ಬೀಡಿ ಕಟ್ಟಿನ ಕಾಗದದ ಮೇಲೆ ತಾತನ ದಪ್ಪ ಅಕ್ಷರ: ‘ಮಂಗಳವಾರ ಸಸಿ ತರೋದು.’ ‘ಹಡಗಲಿ ಅಕ್ಕನ ಚೇರು 12.’ ‘ಪಂಚರ್ 80 ರೂ. ಬಾಕಿ.’

‘ಏನು ತಾತ ಇದು?’

‘ಆ ಕಡೀದು ಆಗಿದ್ದು. ಈ ಕಡೀದು ಆಗಬೇಕಾದ್ದು,’ ತಾತ ತನ್ನ ತಲೆಯ ಮೇಲಿನ ತಡಿಕೆ ತೋರಿಸಿದ. ‘ಕೈಯಾಗ ಹಿಡಕೊಂಡಿದ್ದು ಈಗ ಮಾಡ್ತಿರೋದು.’ ಸ್ಟಿಯರಿಂಗ್ ಹಿಡಿದ ಅವನ ಬೆರಳಿನ ಸಂದಿಯಲ್ಲಿ ಒಂದು ಚೀಟಿ ಇತ್ತು: ‘ಸಾಹೇಬ್ರನ್ನ ಕೊಟ್ಟೂರಿಗೆ ಬಿಡೋದು.’

ಅಪ್‌ಡೇಟಣ್ಣ ಗಾಡಿ ನಿಲ್ಲಿಸಲು ಹೇಳಿದ. ಇಳಿದು ಮುಂದಿನಿಂದ, ಪಕ್ಕದಿಂದ, ಬಾನೆಟ್ ಮೇಲೆ ಬಗ್ಗಿ ಫೋಟೊ ತೆಗೆದ. ಕಣ್ಣಲ್ಲಿ ನೀರಿತ್ತು ಅಂದರೆ ನೀವು ನಂಬಲಿಕ್ಕಿಲ್ಲ. ‘ಕಾನ್‌ಬಾನ್ ಸರ್, ಶುದ್ಧ ಕಾನ್‌ಬಾನ್! ಓನೊ ಮಾಡಿದ್ದು ಇದನ್ನೇ’ ಅಂತ ನನ್ನ ಭುಜ ಅಲ್ಲಾಡಿಸಿದ. ಯಾವ ಓಣಿಯವನು ಎಂದು ತಾತ ನನ್ನ ಕಡೆ ನೋಡಿದ. ಗಾಡಿ ಹೊರಡುವ ಮೊದಲೇ ಬೋರ್ಡಿನಲ್ಲಿ ಹೊಸ ಕಾರ್ಡು ಬಂದಿತ್ತು: ‘ತಾತನ ಚೀಟಿಗಳನ್ನು ಬೋರ್ಡಿಗೆ ಏರಿಸುವುದು. ಜವಾಬ್ದಾರಿ: ತಾತ. ಗಡುವು: ಶುಕ್ರವಾರ.’ ಕೀಪ್ಯಾಡ್ ಫೋನಿನ ತಾತನಿಗೆ ಅದನ್ನು ನಾನೇ ಓದಿ ಹೇಳಬೇಕಾಯಿತು.

ತಾತ ಪೂರ್ತಿ ಕೇಳಿಸಿಕೊಂಡ. ಡ್ಯಾಶ್‌ಬೋರ್ಡಿನಿಂದ ಒಂದು ಹಳೆ ಟಿಕೆಟ್ ತೆಗೆದು, ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಅದರ ಹಿಂದೆ ‘ಶುಕ್ರವಾರ ಚೀಟಿ ಏರ್ಸೋದು’ ಅಂತ ನಿಧಾನಕ್ಕೆ ಬರೆದ. ತನ್ನ ತಲೆಯ ಮೇಲಿನ ರಬ್ಬರ್ ಬ್ಯಾಂಡ್ ಎತ್ತಿ, ಎಲ್ಲದರ ಕೆಳಗೆ ಸಿಕ್ಕಿಸಿ, ಗಾಡಿ ಬಿಟ್ಟ.

ಅಲ್ಲಿಂದೀಚೆಗೆ ನಾಲ್ಕು ಶುಕ್ರವಾರ ಕಳೆದಿವೆ. ಚೀಟಿ ತಾತನ ತಲೆಯ ಮೇಲೇ ಇದೆ.