ಇಪ್ಪತ್ತು ರೊಟ್ಟಿಯ ಚಾವಿ

ದುಬೈಯಿಂದ ಬಂದ ತಮ್ಮನ ಮಗ ನನ್ನ ಮುಂಗೈಗೆ ಸ್ವಿಸ್ ವಾಚು ಕಟ್ಟಿದ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊದಲು ಬೆಲೆ ಹುಡುಕುತ್ತೀರಿ. ನಮ್ಮೂರು ಹಿರೇಬೆಂಡಿಗೇರಿಯಲ್ಲಿ ಆಗಲೇ ಹುಡುಕಿಯಾಗಿದೆ: ಒಂದು ಜೋಡಿ ಎತ್ತು, ಮೇಲೊಂದು ಆಕಳು. ಅಂದಿನಿಂದ ನಾನು ತುಂಬುತೋಳಿನ ಅಂಗಿ ಮುಟ್ಟಲಿಲ್ಲ. ಕೇಳದವರಿಗೂ ಟೈಮು ಹೇಳಿದೆ. ಕಟ್ಟೆಯ ಮೇಲೆ ಕೂತವರಿಗೆ ಟೈಮು ತಗೊಂಡು ಮಾಡುವುದೇನಿತ್ತೋ!

ಮೂರನೆಯ ದಿನ ವಾಚು ನಿಂತಿತು. ಶಿಗ್ಗಾಂವಿಗೆ ಒಯ್ದೆ. ರಿಪೇರಿಯವ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಇಣುಕಿ, ಎರಡು ಸಲ ಅಲ್ಲಾಡಿಸಿದ. ಮುಳ್ಳು ಓಡಿತು. "ವಾಚಿಗೇನೂ ಆಗಿಲ್ರೀ ಸರ. ಕಟ್ಗೊಂಡ ಕೈ ಕೆಲಸ ಮಾಡವಲ್ದು."

ಇದು ಆಟೊಮ್ಯಾಟಿಕ್. ಸೆಲ್ಲಿಲ್ಲ. ಕೈ ಆಡಿದಂತೆ ಒಳಗೊಂದು ಅರ್ಧಚಂದ್ರದ ತಟ್ಟೆ ತಿರುಗಿ ಸ್ಪ್ರಿಂಗು ಸುತ್ತುತ್ತದೆ. ಪೂರ್ತಿ ಸುತ್ತಿದರೆ ಸುಮಾರು 40 ತಾಸು ನಡೆಯುತ್ತದೆ. 1931ರಲ್ಲಿ ರೋಲೆಕ್ಸ್‌ನವರು ಇಂಥದ್ದನ್ನು ತಂದಾಗ ರಿಟೈರಾದ ಮಾಸ್ತರನ ಕೈಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಶ್ರೀಮಂತರು ವಾಚು ತಿರುಗಿಸಲೆಂದೇ ಕರೆಂಟಿನ ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ನಾನು ಕಟ್ಟೆಯ ಮೇಲೆ ಕೂತು ಕೈ ಜಾಡಿಸಿದೆ. ಮಾಸ್ತರಿಗೆ ಕೈನಡುಕ ಹತ್ತೇತಿ ಎಂದು ಸುದ್ದಿ ಹಬ್ಬಿ, ಓಣಿಯವರೊಬ್ಬರು ಎಣ್ಣೆಯ ಬಾಟ್ಲಿ ತಂದರು.

ಆಗಲೇ ಅಡುಗೆಮನೆಯಿಂದ ಪಟ್ ಪಟ್ ಸದ್ದು ಕೇಳಿದ್ದು.

"ಅಲ್ಲರೀ, ರೊಟ್ಟಿ ಬಡಿಯೂಮುಂದ ಯಾರರ ವಾಚ್ ಕಟ್ತಾರೇನು?" ಎನ್ನುತ್ತಿದ್ದಂತೆಯೇ ಹೆಂಡತಿಯ ಬಳೆ ಮೇಲೇರಿಸಿ ಬಲಗೈಗೆ ಕಟ್ಟಿದೆ. ಒಲೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತೆ. ಅಂಗೈ ಬಿತ್ತು, ಎದ್ದಿತು. ಹಿಟ್ಟು ಒಂದಿಷ್ಟು ತಿರುಗಿ ಅಗಲವಾಯಿತು. ಕಿವಿಯಿಟ್ಟರೆ ವಾಚಿನೊಳಗೆ ತಟ್ಟೆ ಸರ್ರನೆ ಸುತ್ತುವ ಸದ್ದು. "ಕಿವಿ ತಗೀರಿ, ಅದನ್ನೂ ಬಡದೇನು!" ಎಂದಳು. ನಾಲ್ಕನೆಯ ರೊಟ್ಟಿಗೆ ಮುಳ್ಳು ಚುರುಕಾದಂತೆ ನನಗೆ ಕಂಡಿತು. ಒಂಬತ್ತನೆಯದಕ್ಕೆ ನಾನೇ ತಾಳ ಹಾಕತೊಡಗಿದೆ. ಹನ್ನೆರಡನೆಯದು ನನ್ನ ಎಣಿಕೆಯ ಗದ್ದಲದಲ್ಲಿ ಹಂಚಿನ ಮೇಲೆ ಸೀದಿತು. ತಪ್ಪು ಅವಳದೆಂದು ತೀರ್ಮಾನವಾಯಿತು. ಇಪ್ಪತ್ತಕ್ಕೆ ಗಾಜಿನ ತುಂಬ ಬಿಳಿಜೋಳದ ಹಿಟ್ಟು. ಆಲ್ಪ್ಸ್ ಪರ್ವತ ಹೀಗೇ ಇರುತ್ತದೆಂದು ಚಿತ್ರದಲ್ಲಿ ನೋಡಿದ್ದೆ.

ಮರುದಿನ ವಾಚು ಕೇಳಿದೆ. "ತಡೀರಿ, ಸಂಜೀ ರೊಟ್ಟಿ ಇನ್ನೂ ಅದಾವ." ಅದರ ಮರುದಿನವೂ ಅದೇ ಉತ್ತರ.

ಕಿಸೆಯೊಳಗೆ ಗಡಿಯಾರ ಇಡುತ್ತಿದ್ದ ಕಾಲದ ಯುರೋಪಿನ ಗಂಡಸರಿಗೆ ಮುಂಗೈ ವಾಚು ಹೆಂಗಸರ ಒಡವೆ. ಪಾಟೆಕ್ ಫಿಲಿಪ್‌ನವರು 1868ರಲ್ಲಿ ಮಾಡಿದ್ದು ಹಂಗೇರಿಯ ಕೌಂಟೆಸ್ ಒಬ್ಬಳಿಗೆ. ನಮ್ಮ ಮದುವೆಯಲ್ಲಿ ವಾಚು ಬಂದದ್ದು ನನಗೆ. ಎಚ್‌ಎಂಟಿ. ಹುಡುಗನಿಗೆ ವಾಚು, ಉಂಗುರ, ಹುಡುಗಿಗೆ ಟೈಮೇಕೆ? ಅದಕ್ಕಾಗಿ ಮಾವ ಸಾಲ ಮಾಡಿದ್ದು ಅವರು ತೀರಿಕೊಂಡ ಮೇಲೆ ಗೊತ್ತಾಯಿತು. ಹೇಳಿದವಳು ಇವಳಲ್ಲ.

ಎಚ್‌ಎಂಟಿಯವರ ವಾಚು ಕಂಪನಿಗೆ ಬಾಗಿಲು ಬಿದ್ದದ್ದು 2016ರಲ್ಲಿ; ಅದೇ ವರ್ಷ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯ ಕೈಯ ಹ್ಯೂಬ್ಲೊ ವಾಚಿನ ಜಗಳ. ಟ್ರಂಕಿನಿಂದ ನನ್ನದನ್ನು ತೆಗೆದು ಚಾವಿ ಕೊಟ್ಟೆ. ಓಡುತ್ತದೆ, ಹತ್ತು ಮಿನಿಟು ಹಿಂದೆ. ಹಾಗಾಗಿ ನಿನ್ನೆ ಪಡಸಾಲೆಯಿಂದಲೇ ಕೂಗಿದೆ:

"ಖರೇ ಟೈಮ್ ಎಷ್ಟಾತು?"

ವಾಚು ಕಟ್ಟಿದ ಕೈಯಿಂದಲೇ ಕಿಟಕಿ ತೆರೆದು ರಸ್ತೆ ನೋಡಿದಳು.

"ಶಿಗ್ಗಾಂವಿ ಬಸ್ಸು ಇನ್ನೂ ಬಂದಿಲ್ರೀ."